ಹಾಡು ಕತ್ತರಿಸಿದವನು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ರಗ್ಬಿಯ ಹುಚ್ಚು ಹತ್ತಿದವರ ನಡುವೆ ಅದು ಮೂಲೆಗೆ ಬಿದ್ದು ಎಷ್ಟೋ ಕಾಲವಾಗಿತ್ತು. ಅವರಿಗೆಲ್ಲ ಅವನು ಕತ್ತರಿ. ಚಿಕ್ಕವರು ಗೌರವಕ್ಕೆ ಕತ್ತರಿಯಣ್ಣ ಎನ್ನುತ್ತಿದ್ದರು, ವಾರಿಗೆಯವರು ಬರೀ ಕತ್ತರಿ ಎಂದು ಕೂಗುತ್ತಿದ್ದರು. ಹಾಗೆಂದು ಅವನು ದರ್ಜಿಯಲ್ಲ, ಕ್ಷೌರದವನಲ್ಲ, ಗುಂಪಿನಲ್ಲಿ ಜೇಬಿಗೆ ಕೈ ಹಾಕುವವನಂತೂ ಅಲ್ಲವೇ ಅಲ್ಲ. ಅವನು ಕತ್ತರಿಸುತ್ತಿದ್ದದ್ದು ಪಂದ್ಯಗಳ ವಿಡಿಯೊಗಳನ್ನು. ಆ ಕೆಲಸದಲ್ಲಿ ಅವನ ಕೈ ಚೆನ್ನಾಗಿ ಪಳಗಿತ್ತು. ಹಾಗೆ ಪಳಗಿದ ಕೈಯಿಂದಲೇ ಒಂದು ದಿನ ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡ.

ಅವನ ಅಂಗಡಿ ಚಪ್ಪಲಿ ಹೊಲಿಯುವವನ ಗೂಡಿಗೂ ಇಸ್ತ್ರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿತ್ತು. ಒಳಗೆ ಮೂವರು ಗಿರಾಕಿಗಳು ನಿಂತರೆ ನಾಲ್ಕನೆಯವನು ಬಾಗಿಲಲ್ಲೇ ಕಾಯಬೇಕು. ಎಡಗಡೆ ಗೋಡೆಗೆ ಪುಸ್ತಕ: ದೊಡ್ಡ ದೊಡ್ಡ ಪಂದ್ಯಾವಳಿಗಳ ಸಚಿತ್ರ ಚರಿತ್ರೆ, ತಂಡಗಳ ಕಥೆ, ಆಟಗಾರರ ಆತ್ಮಕಥೆ. ಆತ್ಮಕಥೆಗಳಲ್ಲಿ ಮೊದಲ ಅಧ್ಯಾಯಕ್ಕೆ ಬಡತನ, ಕೊನೆಯ ಅಧ್ಯಾಯಕ್ಕೆ ಮೊಣಕಾಲು ನೋವು, ನಡುವೆ ಏನಿದ್ದರೂ ನಡೆಯುತ್ತದೆ ಎಂದು ಅವನೇ ನಗುತ್ತಿದ್ದ. ಬಲಗಡೆ ಗೋಡೆಗೆ ವಿಡಿಯೊ ಕ್ಯಾಸೆಟ್‌ಗಳು. ಗಲ್ಲಾಪೆಟ್ಟಿಗೆಯ ಪಕ್ಕದ ಸಣ್ಣ ಕಪಾಟಿನಲ್ಲಿ ಹಾಡು. ಪಂದ್ಯಕ್ಕೆ ಮುಂಚೆ ತಂಡಗಳು ಎದ್ದು ನಿಂತು ಹಾಡುವ ದೇಶದ ಹಾಡುಗಳು, ಅಭಿಮಾನಿಗಳು ಗ್ಯಾಲರಿಯಲ್ಲಿ ಅರಚುವ ಹಾಡುಗಳು, ಎಲ್ಲ ಅಲ್ಲಿ.

ಮೊದಲು ಅವನಿದ್ದದ್ದು ಪುಸ್ತಕ ಬೈಂಡು ಮಾಡುವ ಪ್ರೆಸ್ಸಿನಲ್ಲಿ. ಒಂದು ಸಲ ಪಂದ್ಯಾವಳಿಯ ಪುಸ್ತಕಕ್ಕೆ ಹೊಲಿಗೆ ಹಾಕುವಾಗ ಯಾರದೋ ಕೈತಪ್ಪಿನಿಂದ ನಡುವಿನ ಹಾಳೆಗಳೆಲ್ಲ ತಲೆಕೆಳಗಾಗಿ ಸೇರಿಕೊಂಡವು. ಮಾಲೀಕ ರದ್ದಿಗೆ ಹಾಕಿ ಎಂದ. ಇವನು ಬೇಡಿ ತಂದು, ಕ್ರೀಡಾಂಗಣದ ಗೇಟಿನ ಮುಂದೆ ಹರವಿಕೊಂಡು ಕೂತು, "ಅರ್ಧ ಓದಿ ಪುಸ್ತಕ ತಿರುಗಿಸಿ, ಕೈಗೂ ವ್ಯಾಯಾಮ" ಎಂದು ಕೂಗಿ ಅಷ್ಟನ್ನೂ ಮಾರಿದ. ಜೀವಮಾನದಲ್ಲಿ ಆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದವನಲ್ಲ. ಆದರೂ ಆ ಜನರ ಹುಚ್ಚು ಅವನಿಗೆ ಹಿಡಿಸಿತು. ಸೋತ ದಿನವೂ ಪುಸ್ತಕ ಕೊಂಡು ಹೋಗುವ ಜನ ಇನ್ನೆಲ್ಲಿ ಸಿಗುತ್ತಾರೆ ಎನ್ನುತ್ತಿದ್ದ.

ತಮ್ಮ ಅವನಿಗಿಂತ ತುಂಬ ಚಿಕ್ಕವನು. ಅಪ್ಪ ಅಮ್ಮ ಬೇಗ ಹೋದದ್ದರಿಂದ ಅವನನ್ನು ಸಾಕಿ ಬೆಳೆಸಿದ್ದು ಇವನೇ. ಮದುವೆಯಾಗಲು ಪುರುಸೊತ್ತಾಗಲಿಲ್ಲ ಎಂದು ಕತ್ತರಿ ಹೇಳುತ್ತಿದ್ದ, ಇವನ ಬಾಯಿಗೆ ಹೆದರಿ ಯಾರೂ ಒಪ್ಪಲಿಲ್ಲ ಎಂದು ಇಸ್ತ್ರಿ ಅಂಗಡಿಯಾಕೆ ಹೇಳುತ್ತಿದ್ದಳು. ಎರಡೂ ನಿಜವಿರಬಹುದು. ತಮ್ಮ ದೊಡ್ಡವನಾದ ಮೇಲೆ ಅಂಗಡಿಗೇ ಬಂದ. ಬಂದವನು ಹಾಡಿನ ಕಪಾಟನ್ನು ತನ್ನದು ಮಾಡಿಕೊಂಡ. ಅಲ್ಲಿಗೆ ಬರುವ ಗಿರಾಕಿಗಳ ಜೊತೆ ಗಂಟೆಗಟ್ಟಲೆ ಹರಟೆ, ಹಾಡಿ ತೋರಿಸುವುದು, ಮೇಜು ಬಡಿಯುವುದು. ವಿಡಿಯೊ ಮಾತ್ರ ಅಣ್ಣನದು. ಹಾಡಿನ ಗಿರಾಕಿಗಳನ್ನು ಕತ್ತರಿ ತಲೆಯೆತ್ತಿಯೂ ನೋಡುತ್ತಿರಲಿಲ್ಲ.

ಇನ್ನು ಅವನ ವಿದ್ಯೆಯ ವಿಷಯ. ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ವಿಸಿಆರ್‌ಗಳಿದ್ದವು. ಟೀವಿಯಲ್ಲಿ ಪಂದ್ಯ ಬರುವಾಗ ಒಂದರಲ್ಲಿ ಪೂರ್ತಿ ರೆಕಾರ್ಡ್ ಮಾಡಿಕೊಳ್ಳುವುದು. ಮಾರನೆಯ ದಿನ ಅದನ್ನು ಓಡಿಸುತ್ತ ಇನ್ನೊಂದಕ್ಕೆ ಬೇಕಾದಷ್ಟನ್ನೇ ಇಳಿಸಿಕೊಳ್ಳುವುದು. ಶುರುವಿನ ಹಾಡು ಬೇಡ, ಜಾಹೀರಾತು ಬೇಡ, ವಿರಾಮದಲ್ಲಿ ಕೂತು ಹರಟುವ ಪಂಡಿತರು ಬೇಡ, ಗ್ಯಾಲರಿಯ ಜನ ಬೇಡ. ಸೀಟಿಯಿಂದ ಸೀಟಿಗೆ, ಆಟ ಮಾತ್ರ. ಹೀಗೆ ಹಿಂಡಿ ತೆಗೆದರೆ ಒಂದೇ ಕ್ಯಾಸೆಟ್ಟಿನಲ್ಲಿ ಎರಡು ಪಂದ್ಯ ಕೂರುತ್ತಿದ್ದವು. ಕಾನೂನು ಇದಕ್ಕೆ ಏನನ್ನುತ್ತದೆ ಎಂದು ಕೇಳಲು ಯಾರೂ ಬಂದಿರಲಿಲ್ಲ, ಅವನೂ ಕೇಳಲು ಹೋಗಿರಲಿಲ್ಲ. ಜೋಡಣೆ ಎಲ್ಲೂ ಕಾಣದಂತೆ, ಒಂದು ಚೂರೂ ಎಗರದಂತೆ ಅವನು ಮಾಡಿದ ಪ್ರತಿಗಳಿಗೆ ಜನ ಮುಗಿಬೀಳುತ್ತಿದ್ದರು. ಕ್ಯಾಸೆಟ್ ಕೊಡುವಾಗ ಹೆಮ್ಮೆಯಿಂದ ಒಂದು ಮಾತು ಸೇರಿಸುತ್ತಿದ್ದ: "ಮನೇಲಿ ನೀವು ರೆಕಾರ್ಡ್ ಮಾಡ್ಕೊಂಡಿದ್ದನ್ನ ಅಳಿಸಿ ಬೇರೆ ಏನಾದ್ರೂ ಹಾಕ್ಕೊಳ್ಳಿ. ಇದೊಂದಿದ್ರೆ ಸಾಕು." ಜನ ಹಾಗೇ ಮಾಡುತ್ತಿದ್ದರು.

"ಅಣ್ಣಾ, ಹಾಡು ತೆಗೆದ್ಮೇಲೆ ಉಳಿಯೋದು ಬರೀ ತಳ್ಳಾಟ," ಎಂದು ತಮ್ಮ ಜಗಳಕ್ಕೆ ಬರುತ್ತಿದ್ದ.

"ಹಾಡು ಬೇಕಾದವರು ನಿನ್ನ ಕಪಾಟಿಗೆ ಬರ್ತಾರೆ. ನಿನ್ನ ವ್ಯಾಪಾರಕ್ಕೇ ಒಳ್ಳೇದು ಮಾಡ್ತಿದೀನಿ, ಸುಮ್ನಿರೋ."

"ಅಷ್ಟೊಂದು ಜನ ಒಟ್ಟಿಗೆ ಬಾಯಿ ಬಿಡೋದನ್ನ ನೋಡಿದ್ರೆ ನಿನಗೇನೂ ಆಗಲ್ವಾ?"

"ಆಗತ್ತೆ. ಚಹಾ ಕುಡೀಬೇಕು ಅನ್ಸತ್ತೆ."

ಇದು ಬರೀ ತಮಾಷೆಯಲ್ಲ. ಟೀವಿಯಲ್ಲಿ ಹಾಡು ಶುರುವಾಯಿತೆಂದರೆ ಕತ್ತರಿ ನಿಜವಾಗಿಯೂ ಎದ್ದು ಹೋಗಿ ಚಹಾಕ್ಕೆ ನೀರಿಡುತ್ತಿದ್ದ. ಹಾಡು ಮುಗಿಯುವುದಕ್ಕೂ ಚಹಾ ಸೋಸುವುದಕ್ಕೂ ಸರಿಹೋಗುತ್ತಿತ್ತು.

ಮೂವರೂ ಅಂಗಡಿಯ ಮೇಲಿನ ಮನೆಯಲ್ಲಿ ಇದ್ದರು. ಮೂರನೆಯವಳು ತಮ್ಮನ ಹೆಂಡತಿ. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ ಅವಳದು. ದಿನವಿಡೀ ಗಾಜಿನ ತೂತಿನಲ್ಲಿ ಮಾತಾಡಿ ಮಾತಾಡಿ ಮನೆಗೆ ಬಂದ ಮೇಲೆ ಅವಳಿಗೆ ಮಾತೇ ಬೇಡವಾಗುತ್ತಿತ್ತು. ರಗ್ಬಿ ಅಂದರೆ ಅವಳಿಗೆ ಅಷ್ಟಕ್ಕಷ್ಟೆ. ಮದುವೆಯಾಗಿ ಐದು ವರ್ಷವಾಗಿದ್ದರೂ ಗಂಡ ಹೆಂಡತಿ ಇಬ್ಬರೇ ಎಲ್ಲಿಗೂ ಹೋದವರಲ್ಲ. ಆ ಸಲ ಮೇಲಧಿಕಾರಿಗಳ ಕೈಕಾಲು ಹಿಡಿದು ಅವಳು ಒಂದು ವಾರ ರಜೆ ಗಿಟ್ಟಿಸಿದ್ದಳು. ಸಮುದ್ರದ ಪಕ್ಕದ ಒಂದು ಲಾಡ್ಜಿನಲ್ಲಿ ರೂಮು ಕೂಡ ಹೇಳಿಯಾಗಿತ್ತು. ಅಷ್ಟರಲ್ಲಿ ನಮ್ಮ ತಂಡ ಯಾರೂ ಎಣಿಸದ ಹಾಗೆ ಸೆಮಿಫೈನಲ್ ಮುಟ್ಟಿಬಿಟ್ಟಿತು. ಪಂದ್ಯ ಪಕ್ಕದ ದೇಶದಲ್ಲಿ. ಅಭಿಮಾನಿಗಳ ಬಸ್ಸಿನಲ್ಲಿ ಒಂದು ಸೀಟು ಖಾಲಿಯಾಯಿತು, ತಮ್ಮ ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟ.

ಅವಳು ಕೂಗಾಡಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡಳು. ಹೊರಡುವ ದಿನ ಬೆಳಿಗ್ಗೆ ಅವಳು ಕಿಟಕಿಯ ಪಕ್ಕ ನಿಂತು ಬಟ್ಟೆ ಮಡಚುತ್ತಿದ್ದಳು. ತಮ್ಮ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು, "ಹೋಗಿಬರ್ತೀನಿ ಕಣೇ," ಎಂದ. ಅವಳ ಬೆನ್ನು ಅಲುಗಲಿಲ್ಲ. "ಬಂದ ತಕ್ಷಣ ಸಮುದ್ರಕ್ಕೆ ಹೋಗೋಣ. ಆಣೆ ಮಾಡ್ಲಾ?" ಎಂದ. ಅವಳು ಇನ್ನೊಂದು ಬಟ್ಟೆ ಎತ್ತಿಕೊಂಡಳು. ಮೆಟ್ಟಿಲಲ್ಲಿ ನಿಂತಿದ್ದ ಕತ್ತರಿಗೆ ಇದೆಲ್ಲ ಕೇಳಿಸಿತು. ಗಂಡ ಹೆಂಡಿರ ನಡುವೆ ತಾನೇಕೆ ತಲೆ ಹಾಕಲಿ ಎಂದು ತಮ್ಮನ ಬೆನ್ನು ತಟ್ಟಿ ಕಳಿಸಿಕೊಟ್ಟ.

ಶನಿವಾರ ಪಂದ್ಯ. ಹಾಡು ಶುರುವಾಯಿತು, ಕತ್ತರಿ ಎದ್ದು ಚಹಾಕ್ಕೆ ನೀರಿಟ್ಟ. ನಮ್ಮ ತಂಡ ಕೂದಲೆಳೆಯಲ್ಲಿ ಸೋತಿತು. ಭಾನುವಾರ ಬೆಳಿಗ್ಗೆ ಅವನು ಎಂದಿನಂತೆ ಕತ್ತರಿಸಲು ಕೂತ. ಹಾಡಿನ ಭಾಗವನ್ನು ವೇಗವಾಗಿ ಓಡಿಸಿದ. ಪರದೆಯ ತುಂಬ ಗೆರೆಗಳು, ಗೆರೆಗಳ ಹಿಂದೆ ಸಾಲು ಸಾಲು ಜನ, ಎಲ್ಲರೂ ಪಟಪಟ ಬಾಯಾಡಿಸುತ್ತ ಓಡಿಹೋದರು. ಸೀಟಿ ಊದುವಲ್ಲಿ ನಿಲ್ಲಿಸಿ ಅಲ್ಲಿಂದ ಇಳಿಸಿಕೊಂಡ. ಮಧ್ಯಾಹ್ನ ಇನ್ನೊಂದು ಸೆಮಿಫೈನಲ್ ಇತ್ತು. ಶನಿವಾರದ ಮೂಲ ಕ್ಯಾಸೆಟ್ಟನ್ನೇ ಹಿಂದಕ್ಕೆ ಸುತ್ತಿ, ಅದರ ಮೇಲೇ ಇದನ್ನು ರೆಕಾರ್ಡ್ ಮಾಡಿದ. ಅವನು ಯಾವಾಗಲೂ ಮಾಡುತ್ತಿದ್ದದ್ದೇ ಹಾಗೆ. ಖಾಲಿ ಕ್ಯಾಸೆಟ್ಟನ್ನು ದಂಡ ಮಾಡುವ ಜಾತಿಯವನಲ್ಲ.

ಆ ಪಂದ್ಯ ರೆಕಾರ್ಡ್ ಆಗುತ್ತಿದ್ದ ಹೊತ್ತಿನಲ್ಲೇ ಅಭಿಮಾನಿಗಳ ಬಸ್ಸು ಘಟ್ಟದ ತಿರುವೊಂದರಲ್ಲಿ ಲಾರಿಗೆ ಬಡಿದು ಉರುಳಿತ್ತು. ಸುದ್ದಿ ಬಂದದ್ದು ಸೋಮವಾರ. ಬದುಕಿ ಬಂದವರು ಕೆಲವರು, ಬರದವರಲ್ಲಿ ತಮ್ಮನೂ ಒಬ್ಬ. ಶವದ ಪೆಟ್ಟಿಗೆ ಬಂದಾಗ ಜೊತೆಗೆ ಬಂದ ಅಧಿಕಾರಿ ಕತ್ತರಿಯನ್ನು ಪಕ್ಕಕ್ಕೆ ಕರೆದು, ತೆರೆಯಬೇಡಿ, ಮನೆಯವರು ನೋಡುವಂತಿಲ್ಲ ಎಂದ. ತಮ್ಮನ ಹೆಂಡತಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು. ಯಾರು ಎಷ್ಟು ಹೇಳಿದರೂ ತೆಗೆಯಲಿಲ್ಲ. ಕೊನೆಗೆ ಕತ್ತರಿಯೇ ಒಂದೊಂದು ಬೆರಳಾಗಿ ಬಿಡಿಸಬೇಕಾಯಿತು.

ಎಲ್ಲ ಮುಗಿದ ಮೇಲೆ ಅವನು ಅಂಗಡಿ ತೆರೆದ. ಮನೆಯಲ್ಲಿ ಕೂತರೆ ಗೋಡೆಗಳು ಮೈಮೇಲೆ ಬಂದ ಹಾಗಾಗುತ್ತಿತ್ತು. ಎರಡು ಸೆಮಿಫೈನಲ್ ಒಂದೇ ಕ್ಯಾಸೆಟ್ಟಿನಲ್ಲಿ ಇರುವ ಪ್ರತಿಗಾಗಿ ಜನ ಕಾದಿದ್ದರು. ಬಾಯಿಬಿಟ್ಟು ಕೇಳಲು ನಾಚಿ ಬಾಗಿಲಲ್ಲಿ ನಿಂತಿರುತ್ತಿದ್ದರು. ಇವನೇ ಕರೆದು ಕೊಟ್ಟ. ಕೈ ತನ್ನ ಕೆಲಸ ಮಾಡಿತು, ಬಾಯಿ ತನ್ನ ಹಳೇ ಪಾಠ ಒಪ್ಪಿಸಿತು: ನಿಮ್ಮದನ್ನ ಅಳಿಸಿ, ಇದೊಂದಿದ್ರೆ ಸಾಕು.

ಒಂದು ತಿಂಗಳ ಮೇಲಾಗಿರಬೇಕು. ಒಂದು ಸಂಜೆ ತಮ್ಮನ ಹೆಂಡತಿ ಕೆಲಸದಿಂದ ಬಂದವಳು ಮೆಟ್ಟಿಲು ಹತ್ತದೆ ನೇರ ಅಂಗಡಿಯೊಳಗೆ ಬಂದಳು. ಅವಳು ಅಂಗಡಿಗೆ ಕಾಲಿಟ್ಟು ವರ್ಷಗಳೇ ಆಗಿದ್ದವು. ಕತ್ತರಿ ಗಾಬರಿಯಿಂದ ಎದ್ದು ನಿಂತ.

"ಭಾವ, ಆ ದಿನದ ಮ್ಯಾಚ್ ನಿಮ್ಮ ಹತ್ರ ಇದೆಯಲ್ವಾ? ಅವರು ಹೋಗಿದ್ರಲ್ಲ, ಅದು."

"ಇದೆಯಮ್ಮ. ಯಾಕೆ?"

"ಚಪ್ಪಲಿ ಹೊಲಿಯೋವ್ರು ಇವತ್ತು ಟಿಕೆಟ್ ತಗೊಳ್ಳೋಕೆ ಬಂದಿದ್ರು. ಸಾವಿನ ಮನೇಲಿ ಹೇಳೋದು ಬೇಡ ಅಂತ ಇಷ್ಟು ದಿನ ಸುಮ್ನಿದ್ರಂತೆ. ಆಟಕ್ಕೆ ಮುಂಚೆ ಎಲ್ಲ ಎದ್ದು ನಿಂತು ಹಾಡ್ತಾರಂತಲ್ಲ, ಆಗ ಟೀವೀಲಿ ಅವರನ್ನ ತೋರಿಸಿದ್ರಂತೆ. ಮುಖದ ತುಂಬ ಬಣ್ಣ ಬಳ್ಕೊಂಡು, ಬಾಯ್ತುಂಬ ಹಾಡ್ತಿದ್ರಂತೆ. ಇಸ್ತ್ರಿ ಅಂಗಡಿಯೋರೂ ನೋಡಿದ್ರಂತೆ."

ಎದ್ದು ನಿಂತಿದ್ದ ಕತ್ತರಿ ಮತ್ತೆ ಸ್ಟೂಲಿನ ಮೇಲೆ ಕೂತ.

"ಹೋಗೋವಾಗ ನಾನು ತಿರುಗಿ ಕೂಡ ನೋಡ್ಲಿಲ್ಲ ಭಾವ," ಎಂದಳು. "ಆಮೇಲೆ ಪೆಟ್ಟಿಗೇನೂ ತೆಗೆಯೋಕೆ ಬಿಡ್ಲಿಲ್ಲ. ನನ್ನ ಮೇಲೆ ಬೇಜಾರು ಇಟ್ಕೊಂಡೇ ಹೋಗಿಬಿಟ್ರಾ, ಇಲ್ಲ ಅಲ್ಲಿಗೆ ಹೋದ್ಮೇಲೆ ಮರೆತು ಖುಷಿಯಾಗಿದ್ರಾ? ಮುಖ ನೋಡಿದ್ರೆ ನಂಗೆ ಗೊತ್ತಾಗತ್ತೆ. ಅಷ್ಟು ಗೊತ್ತಾದ್ರೆ ಸಾಕು."

ಆಗಲೇ ನಿಜ ಹೇಳಿಬಿಡಬೇಕಿತ್ತು. ನಾನೇ ಅಳಿಸಿದೆ ತಾಯಿ ಎಂದು ಅಲ್ಲೇ ಕೈಮುಗಿದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆ ಮಾಡಲಿಲ್ಲ. "ಎಲ್ಲೋ ಒಳಗಡೆ ಇದೆಯಮ್ಮ, ಹುಡುಕಿ ಕೊಡ್ತೀನಿ," ಎಂದುಬಿಟ್ಟ.

ಅವಳು ಮೇಲೆ ಹೋದ ಮೇಲೆ ಹಿಂದಿನ ಕೋಣೆಗೆ ಹೋಗಿ, ಗೊತ್ತಿದ್ದೂ ಗೊತ್ತಿದ್ದೂ, ಮೂಲ ಕ್ಯಾಸೆಟ್ಟನ್ನು ಹಾಕಿ ನೋಡಿದ. ಅದರಲ್ಲಿ ಇನ್ನೊಂದು ಪಂದ್ಯ, ಬೇರೆ ಎರಡು ತಂಡ. ವೇಗವಾಗಿ ಓಡಿಹೋದ ಆ ಸಾಲುಗಳಲ್ಲಿ ತಮ್ಮನೂ ಇದ್ದನೇ, ತನ್ನ ಕಣ್ಣ ಮುಂದೆಯೇ ಹಾದುಹೋದನೇ ಎಂದು ನೆನೆದು ತಲೆ ಚಚ್ಚಿಕೊಂಡ. ಬೇರೆ ಯಾವನೇ ಅಂಗಡಿಯವನಾಗಿದ್ದರೂ ಆ ಹಾಡು ಉಳಿಯುತ್ತಿತ್ತು. ಸೋಮಾರಿಯಾಗಿದ್ದರಂತೂ ಖಂಡಿತ ಉಳಿಯುತ್ತಿತ್ತು.

ಮಾರನೆಯ ದಿನದಿಂದ ಗಿರಾಕಿಗಳ ಮನೆ ಮನೆ ಅಲೆಯತೊಡಗಿದ. ಮೊದಲು ಹೋದದ್ದು ಸೀಟಿ ಮೇಷ್ಟ್ರ ಮನೆಗೆ. ನಿವೃತ್ತ ರೆಫರಿ ಅವರು. ಪ್ರತಿ ಪಂದ್ಯವನ್ನೂ ತಪ್ಪದೆ ರೆಕಾರ್ಡ್ ಮಾಡಿ ರೆಫರಿಯ ತಪ್ಪು ಹುಡುಕುವುದೇ ಅವರಿಗೆ ಈಗ ಉಳಿದ ಸುಖ.

"ಮಾಡಿದ್ದೆನಪ್ಪ. ಆದ್ರೆ ನಿನ್ನ ಕ್ಯಾಸೆಟ್ ಬಂತಲ್ಲ, ಅದರ ಮೇಲೆ ಮೊಮ್ಮಗಳ ಡ್ಯಾನ್ಸ್ ಹಾಕಿಬಿಟ್ಟೆ. ನೀನೇ ಹೇಳಿದ್ದೆ ಅಳಿಸಿ ಅಂತ."

"ಹೌದು ಮೇಷ್ಟ್ರೇ. ನಾನೇ ಹೇಳಿದ್ದೆ."

"ಯಾಕಪ್ಪ, ನಿನ್ನದರಲ್ಲಿ ಎಲ್ಲ ಇದೆಯಲ್ಲ? ಬಹಳ ಚೆನ್ನಾಗಿ ಬಂದಿದೆ. ಜೋಡಿಸಿದ್ದು ಎಲ್ಲಿ ಅಂತ ಗೊತ್ತೇ ಆಗಲ್ಲ."

ಹಲ್ಲಿನ ಡಾಕ್ಟರು ಅಳಿಸಿ ಅಡುಗೆ ಕಾರ್ಯಕ್ರಮ ಹಾಕಿದ್ದರು. ಇನ್ನೊಬ್ಬ ಗಿರಾಕಿ, ಸಿಟಿ ಬಸ್ಸಿನ ಡ್ರೈವರ್, ಅಳಿಸಿರಲಿಲ್ಲ, ಆದರೆ ಕ್ಯಾಸೆಟ್ಟನ್ನು ತನ್ನ ಭಾವನಿಗೆ ಕೊಟ್ಟಿದ್ದ, ಆ ಭಾವ ಅಳಿಸಿದ್ದ. ಹೋದಲ್ಲೆಲ್ಲ ಇವನ ಕೈಚಳಕದ ಹೊಗಳಿಕೆ. ಹಿಂದೆ ಆ ಮಾತುಗಳಿಗೆ ಎದೆಯುಬ್ಬಿಸಿ ನಡೆಯುತ್ತಿದ್ದವನಿಗೆ ಈಗ ಒಂದೊಂದೂ ಕೆನ್ನೆಗೆ ಬಾರಿಸಿದ ಹಾಗಾಗುತ್ತಿತ್ತು. ಟೀವಿ ಕಂಪನಿಗೆ ಫೋನು ಮಾಡಿದ. ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಅವರು ಮತ್ತೊಬ್ಬರಿಗೆ. ಕೊನೆಯಲ್ಲಿ ಸಿಕ್ಕ ಹೆಂಗಸು ಹೊರಗಿನವರಿಗೆ ಕೊಡುವ ಪದ್ಧತಿ ಇಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿ ಇಟ್ಟುಬಿಟ್ಟಳು.

"ಸಿಗ್ತಾ ಭಾವ?" ಎಂದು ತಮ್ಮನ ಹೆಂಡತಿ ಊಟಕ್ಕೆ ಕೂತಾಗ ಕೇಳುತ್ತಿದ್ದಳು. "ಸಿಗತ್ತಮ್ಮ, ಕ್ಯಾಸೆಟ್‌ಗಳೆಲ್ಲ ಕಲಸಿಹೋಗಿವೆ," ಎನ್ನುತ್ತಿದ್ದ. ಕೆಲವು ದಿನ ಕಳೆದ ಮೇಲೆ ಅವಳು ಕೇಳುವುದನ್ನು ಬಿಟ್ಟಳು. ತಟ್ಟೆ ಮುಂದಿಟ್ಟು ಒಮ್ಮೆ ಮುಖ ನೋಡುತ್ತಿದ್ದಳು, ಅಷ್ಟೆ. ಕೇಳುತ್ತಿದ್ದಾಗಲೇ ವಾಸಿಯಾಗಿತ್ತು ಎನ್ನಿಸುತ್ತಿತ್ತು ಅವನಿಗೆ.

ಹೀಗಿರುವಾಗ ಒಂದು ಮಧ್ಯಾಹ್ನ ಕೊಡೆ ಹಿಡಿದ ಒಬ್ಬ ವಯಸ್ಸಾದ ಹೆಂಗಸು ಅಂಗಡಿಗೆ ಬಂದಳು. ಬಂದವಳು ನೇರ ಹಾಡಿನ ಕಪಾಟಿನ ಕಡೆಗೇ ಹೋಗಿ ಆಚೀಚೆ ನೋಡಿದಳು.

"ಹಾಡೋ ಹುಡುಗ ಎಲ್ಲಿ ಕಾಣಿಸ್ತಾ ಇಲ್ಲ? ಹೊಸ ಕ್ಯಾಸೆಟ್ ತೆಗೆದಿಡ್ತೀನಿ ಟೀಚರ್ ಅಂದಿದ್ದ."

ಶಾಲೆಯ ಮಕ್ಕಳಿಗೆ ಸಂಗೀತ ಹೇಳಿಕೊಡುವ ಟೀಚರಂತೆ. ವರ್ಷಗಳಿಂದ ಬರುತ್ತಿದ್ದಳಂತೆ. ಕತ್ತರಿಗೆ ಮುಖದ ಗುರುತೇ ಇರಲಿಲ್ಲ. ತಮ್ಮನ ಸುದ್ದಿ ಹೇಳಿದಾಗ ಆಕೆ ಕೊಡೆಯನ್ನು ಗೋಡೆಗೆ ಒರಗಿಸಿ ಸ್ಟೂಲಿನ ಮೇಲೆ ಕುಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಆಟ ಅಂದ್ರೆ ನಂಗೆ ತಲೆ ಬುಡ ಗೊತ್ತಿಲ್ಲಪ್ಪ," ಎಂದಳು. "ಅಷ್ಟು ಸಾವಿರ ಜನ, ಒಬ್ಬರಿಗೂ ಪಾಠ ಆಗಿರಲ್ಲ, ಆದರೂ ಒಟ್ಟಿಗೆ ಹಾಡ್ತಾರಲ್ಲ, ಅದಕ್ಕೆ ಮನಸ್ಸು ಸೋತುಬಿಟ್ಟಿದೆ. ಟೀವೀಲಿ ಬಂದಾಗಲೆಲ್ಲ ಅದೊಂದನ್ನ ರೆಕಾರ್ಡ್ ಮಾಡ್ಕೋತೀನಿ. ಸೀಟಿ ಊದಿದ ತಕ್ಷಣ ನಿಲ್ಲಿಸಿಬಿಡ್ತೀನಿ. ಆಮೇಲಿನ ಗುದ್ದಾಟ ಯಾರಿಗೆ ಬೇಕು?"

ಕತ್ತರಿ ಗಲ್ಲಾಪೆಟ್ಟಿಗೆಯನ್ನು ಬಿಗಿಯಾಗಿ ಹಿಡಿದುಕೊಂಡ. "ಸೆಮಿಫೈನಲ್‌ದೂ ಇದೆಯಾ ಟೀಚರ್?"

"ಎಲ್ಲದೂ ಇದೆ."

ಇವನು ಬಿಸಾಡಿದ್ದನ್ನೆಲ್ಲ ಆಕೆ ಇಷ್ಟು ವರ್ಷ ಆರಿಸಿ ಇಟ್ಟುಕೊಂಡಿದ್ದಳು. ಇವನು ಉಳಿಸಿಕೊಂಡದ್ದನ್ನೆಲ್ಲ ಬಿಸಾಡಿದ್ದಳು. ಅವಳು ಬೇಡವೆಂದರೂ ಕೇಳದೆ, ಅಂಗಡಿಗೆ ಬೀಗ ಹಾಕಿ, ಕೊಡೆಯನ್ನು ತಾನೇ ಹಿಡಿದುಕೊಂಡು ಅವಳ ಹಿಂದೆಯೇ ಅವಳ ಮನೆಗೆ ಹೋದ. ಕ್ಯಾಸೆಟ್ಟನ್ನು ಕೂಸನ್ನು ತರುವ ಹಾಗೆ ಎದೆಗವುಚಿಕೊಂಡು ತಂದ.

ತಮ್ಮನ ಹೆಂಡತಿ ಇನ್ನೂ ಕೆಲಸದಿಂದ ಬಂದಿರಲಿಲ್ಲ. ತಾನೊಮ್ಮೆ ನೋಡಿಕೊಳ್ಳೋಣ ಎಂದು ಹಿಂದಿನ ಕೋಣೆಯಲ್ಲಿ ಹಾಕಿದ. ಹಾಡು ಶುರುವಾಯಿತು. ಕ್ಯಾಮರಾ ಮೊದಲು ಆಟಗಾರರ ಸಾಲಿನ ಮೇಲೆ ಮೆಲ್ಲಗೆ ಹಾದುಹೋಯಿತು, ಆಮೇಲೆ ಗ್ಯಾಲರಿಗೆ ಹಾರಿತು. ಬಾವುಟ ಹೊದ್ದ ಒಬ್ಬಳು ಮುದುಕಿ, ಅಪ್ಪನ ಹೆಗಲ ಮೇಲಿನ ಮಗು, ಆಮೇಲೆ ಅವನು. ಮುಖದ ತುಂಬ ನಮ್ಮ ತಂಡದ ಬಣ್ಣ, ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬುವಂತೆ ಹಾಡುತ್ತಿದ್ದಾನೆ. ಪರದೆ ತುಂಬ ಅವನೇ.

ಅದು ತಮ್ಮನಲ್ಲ.

ಹಿಂದಕ್ಕೆ ಸುತ್ತಿ ನೋಡಿದ. ನಿಲ್ಲಿಸಿ ನೋಡಿದ. ಬೆಳೆಸಿದವನಿಗೆ ಗೊತ್ತಾಗದೆ ಇರುತ್ತದೆಯೇ? ಎತ್ತರ ಅದೇ, ತಲೆಗೂದಲು ಅದೇ, ಅಂಗಿ ಅದೇ. ಆದರೆ ಗದ್ದ ಬೇರೆ, ಹುಬ್ಬು ಕೂಡುವ ಬಗೆ ಬೇರೆ. ಯಾರದೋ ಮನೆಯ ಯಾವನೋ ಹುಡುಗ. ಬಣ್ಣದ ಹಿಂದೆ ಯಾರಿದ್ದಾರೆಂದು ನೋಡದೆ ಚಪ್ಪಲಿಯವನೂ ಇಸ್ತ್ರಿಯಾಕೆಯೂ ತಮಗೆ ಬೇಕಾದವನನ್ನು ಕಂಡುಕೊಂಡಿದ್ದರು. ಕತ್ತರಿ ಉಳಿದ ಸಾಲುಗಳನ್ನೆಲ್ಲ ಜಾಲಾಡಿದ. ತಮ್ಮ ಎಲ್ಲೂ ಇರಲಿಲ್ಲ.

ಅಲ್ಲಿಗೆ ಅವನು ತಮ್ಮನನ್ನು ಅಳಿಸಿರಲಿಲ್ಲ ಎಂದಾಯಿತು. ಎದೆಯ ಮೇಲಿನ ಬಂಡೆ ಇಳಿಯಬೇಕಿತ್ತು. ಇಳಿಯಲಿಲ್ಲ. ಮೆಟ್ಟಿಲಲ್ಲಿ ಅವಳ ಹೆಜ್ಜೆ ಸಪ್ಪಳ ಕೇಳಿದಾಗ ಅವನಿಗೆ ಒಂದು ಯೋಚನೆ ಬಂತು. ಮುಖದ ತುಂಬ ಬಣ್ಣವಿದೆ. ಬೀದಿಯ ಇಬ್ಬರು ಸಾಕ್ಷಿಗಳಿದ್ದಾರೆ. ಅವಳು ನೋಡಬೇಕೆಂದು ಹಂಬಲಿಸುತ್ತಿರುವುದೂ ಇದನ್ನೇ, ಖುಷಿಯಿಂದ ಹಾಡುವ ಮುಖವನ್ನು. ಹೌದಮ್ಮ ಇವನೇ ಎಂದರೆ ಯಾರ ಗಂಟು ಹೋಗುತ್ತದೆ? ಅವಳಾದರೂ ನೆಮ್ಮದಿಯಿಂದ ನಿದ್ದೆ ಮಾಡಲಿ.

ಕ್ಯಾಸೆಟ್ ಸಿಕ್ಕಿತಮ್ಮ ಎಂದು ಅವಳಿಗೆ ಹೇಳಿ, ಆ ಭಾನುವಾರ ಮೇಲಿನ ಮನೆಗೆ ವಿಸಿಆರ್ ಒಯ್ದು ಟೀವಿಗೆ ಜೋಡಿಸಿದ. ಅವಳು ತಲೆ ಬಾಚಿಕೊಂಡು, ಒಳ್ಳೆಯ ಬಟ್ಟೆ ಉಟ್ಟುಕೊಂಡು ಬಂದು ನೆಲದ ಮೇಲೆ ಕೂತಿದ್ದಳು. ಅದನ್ನು ಕಂಡು ಕತ್ತರಿಗೆ ಎದ್ದು ಓಡಿಹೋಗೋಣ ಎನ್ನಿಸಿತು.

ಹಾಡು ಶುರುವಾಯಿತು. ಮುದುಕಿ ಬಂದಳು, ಮಗು ಬಂತು, ಅವನು ಬಂದ.

"ನೋಡಮ್ಮ," ಎಂದ ಕತ್ತರಿ. "ಎಷ್ಟು ಖುಷಿಯಾಗಿದಾನೆ ನೋಡು."

ಹಾಡು ಮುಗಿದು ಸೀಟಿ ಕೇಳಿಸಿತು, ಟೀಚರ್ ನಿಲ್ಲಿಸಿದ್ದ ಜಾಗದಲ್ಲಿ ಪರದೆ ಮಸುಕಾಯಿತು. "ಇನ್ನೊಂದ್ಸಲ ಹಾಕಿ ಭಾವ," ಎಂದಳು. ಹಾಕಿದ. ಮುಖ ಬಂದಾಗ ಅವಳು ಮೊಣಕಾಲೂರಿ ಟೀವಿಯ ಹತ್ತಿರ ಸರಿದಳು. ಮೂರನೆಯ ಸಲ ಕೇಳಲಿಲ್ಲ.

"ಇವರಲ್ಲ."

ಅವನು ತಲೆ ತಗ್ಗಿಸಿದ.

"ನಿಮಗೂ ಗೊತ್ತಿತ್ತಲ್ವಾ ಭಾವ?"

ಆಗ ಎಲ್ಲ ಹೊರಬಂತು. ಚಹಾಕ್ಕೆ ಎದ್ದು ಹೋದದ್ದು, ಹಾಡನ್ನು ಓಡಿಸಿದ್ದು, ಅಳಿಸಿದ್ದು, ಇನ್ನೊಬ್ಬರ ಕೈಯಲ್ಲೂ ಅಳಿಸಿಹಾಕಿಸಿದ್ದು, ಮನೆ ಮನೆ ಅಲೆದದ್ದು, ಈಗ ಸುಳ್ಳು ಹೇಳಲು ಹೊರಟದ್ದು. ಹೇಳುತ್ತ ಹೇಳುತ್ತ ಅವನು ಎಳೆ ಮಗುವಿನಂತೆ ಬಿಕ್ಕತೊಡಗಿದ. "ಅಷ್ಟು ಸಲ ಹೇಳಿದ್ನಮ್ಮ ಅವನು, ಹಾಡು ತೆಗೀಬೇಡ ಅಣ್ಣಾ ಅಂತ. ಒಂದು ಸಲಾನೂ ಕೂತು ನೋಡ್ಲಿಲ್ಲ ನಾನು. ನೋಡಿದ್ರೆ ಅವನು ಎಲ್ಲಾದ್ರೂ ಕಾಣಿಸ್ತಿದ್ನೋ ಇಲ್ವೋ ಅಂತಾನಾದ್ರೂ ಗೊತ್ತಿರ್ತಿತ್ತು."

ಅವಳು ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ, ಅವಳ ಬಳಿ ಹಂಚುವಷ್ಟು ಎಲ್ಲಿತ್ತು? ಪರದೆಯ ಮೇಲೆ ಕುಣಿಯುತ್ತಿದ್ದ ಚುಕ್ಕಿಗಳನ್ನೇ ನೋಡುತ್ತ ಕೂತಿದ್ದಳು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

"ಭಾವ, ಅಲ್ಲಿ ಹಾಡದೇ ನಿಂತಿರೋರು ಯಾರಾದ್ರೂ ಇದಾರಾ?"

"ಏನಮ್ಮ?"

"ಆ ಜನರಲ್ಲಿ. ಬಾಯಿ ಮುಚ್ಕೊಂಡು, ಮುಖ ಸಪ್ಪೆ ಮಾಡ್ಕೊಂಡು ನಿಂತಿರೋರು. ಒಬ್ಬರಾದ್ರೂ ಇದಾರಾ ನೋಡೋಣ. ನಿಧಾನಕ್ಕೆ ಬಿಡಿ."

ಅವನು ಕಣ್ಣೊರೆಸಿಕೊಂಡು ಹಿಂದಕ್ಕೆ ಸುತ್ತಿದ. ಒಂದೊಂದು ಚಿತ್ರವಾಗಿ ನಿಲ್ಲಿಸುತ್ತ ನಿಲ್ಲಿಸುತ್ತ ಹೋದ. ಇಬ್ಬರೂ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು, ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಬೆರಳಿಟ್ಟು ಒಂದೊಂದೇ ಮುಖ ನೋಡಿದರು. ಮುದುಕಿ ಹಾಡುತ್ತಿದ್ದಳು. ಹೆಗಲ ಮೇಲಿನ ಮಗುವಿಗೆ ಮಾತು ಬರುತ್ತಿತ್ತೋ ಇಲ್ಲವೋ, ಅದರ ಬಾಯಿಯೂ ತೆರೆದಿತ್ತು. ಬಣ್ಣದ ಹುಡುಗ, ಅವನ ಹಿಂದಿನ ಕನ್ನಡಕದವನು, ಅದರಾಚೆ ಮಂಜಾಗಿ ಕಾಣುವ ತಲೆಗಳು, ಎಲ್ಲ ಹಾಡುತ್ತಿದ್ದವು. ಒಂದು ಕಡೆ ಒಬ್ಬ ಬಾಯಿ ಮುಚ್ಚಿದ ಹಾಗೆ ಕಂಡಿತು. ಅವಳು ಕತ್ತರಿಯ ತೋಳು ಹಿಡಿದುಕೊಂಡಳು. ಒಂದು ಚಿತ್ರ ಮುಂದೆ ಬಿಟ್ಟರೆ, ಅವನು ಉಸಿರೆಳೆದುಕೊಳ್ಳುತ್ತಿದ್ದ. ಹಾಡಿನ ಮುಂದಿನ ಸಾಲಿಗೆ ಬಾಯಿ ತೆರೆದ.

ಒಬ್ಬರೂ ಸಿಗಲಿಲ್ಲ.

"ಹಾಗಾದ್ರೆ ಅವರೂ ಹಾಡಿರ್ತಾರೆ," ಎಂದಳು. ತೋಳು ಹಿಡಿದ ಕೈ ಹಾಗೇ ಇತ್ತು. "ಬೇಜಾರಿದ್ದೋರಿಗೆ ಹಾಗೆ ಹಾಡೋಕಾಗಲ್ಲ. ಅಲ್ವಾ ಭಾವ?"

ಬೇಜಾರಿದ್ದವರೂ ಹಾಡುತ್ತಾರೆಂದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

"ಆಗಲ್ಲಮ್ಮ," ಎಂದ.